ಇರುವೆಗಳ ಮನೆಯ ಬಾಣಂತಿ

ನಮ್ಮ ಬೀಗಿತ್ತಿಯನ್ನು ಇರುವೆ ಕಚ್ಚಿದ್ದು ತೊಡೆಯ ಮೇಲೆ. ಜಾಗ ಅಂಥದ್ದಾದ್ದರಿಂದ ಅವರು ತೋರಿಸುವಂತಿರಲಿಲ್ಲ, ನಾವು ನೋಡುವಂತಿರಲಿಲ್ಲ. ಒಂದು ಕೈಯಲ್ಲಿ ಚಹಾದ ಕಪ್ಪು ಹಿಡಿದು, ಇನ್ನೊಂದು ಕೈಯಿಂದ ಸೀರೆಯ ನಿರಿಗೆ ಜಾಡಿಸುತ್ತ ಅವರು ಅಕ್ಕಲಕೋಟೆಯ ನಮ್ಮ ನಡುಮನೆಯಲ್ಲಿ ಒಂದು ಸುತ್ತು ತಿರುಗಿದರು. ಸೊಳ್ಳೆ ಇರಬೇಕು ಎಂದೆ ನಾನು. ಅವರು ನಿರಿಗೆಯೊಳಗಿಂದ ಅಪರಾಧಿಯನ್ನು ಚಿವುಟಿ ಹಿಡಿದು ನನ್ನ ಕಣ್ಣ ಮುಂದೆ ತಂದರು. ಕೆಂಪಗೆ, ಸಣ್ಣಗೆ, ಇನ್ನೂ ಕಾಲು ಆಡಿಸುತ್ತಿತ್ತು.

ಅವರು ಸೊಲ್ಲಾಪುರದಿಂದ ಬಂದದ್ದೇ ಬಾಣಂತಿ ಕೋಣೆ ನೋಡಲು. ನನ್ನ ಒಬ್ಬಳೇ ಮಗಳು ಅವರ ಸೊಸೆ, ಆಗ ತುಂಬಿದ ಬಸುರಿ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಅದನ್ನು ಅವರೂ ಒಪ್ಪಿದ್ದರು, ಇರುವೆ ಕಚ್ಚುವವರೆಗೆ.

"ವಿಹೀಣಬಾಯಿ, ಸಿಟ್ಟ ಮಾಡ್ಕೋಬ್ಯಾಡ್ರಿ," ಎಂದರು. ಬೀಗಿತ್ತಿಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಸೊಲ್ಲಾಪುರದವರ ಕನ್ನಡದಲ್ಲಿ ಮರಾಠಿ ಉಪ್ಪಿನಷ್ಟಲ್ಲ, ಹಿಟ್ಟಿನಷ್ಟೇ ಇರುತ್ತದೆ. "ನನಗ ಕಡೀತು, ನಾ ಜಾಡಿಸ್ಕೊಂಡೆ. ಕೂಸಿಗೆ ಕಡದ್ರ ಅದೇನ ಮಾಡ್ತದ? ದವಾಖಾನಿಯಿಂದ ಸೀದಾ ನಮ್ಮ ಫ್ಲ್ಯಾಟಿಗೇ ಕರ್ಕೊಂಡ ಹೋಗ್ತೀವಿ. ಮ್ಯಾಲಿನ ಮಜಲಾ, ಅಲ್ಲಿ ಒಂದ ಮುಂಗಿ ಸುದ್ಧಾ ಹತ್ತಂಗಿಲ್ಲ."

ಮುಂಗಿ ಎಂದರೆ ಇರುವೆ. ಅದು ಬಾರದಂತೆ ಹೊರಸಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಡುತ್ತೇನೆ ಎಂದೆ. "ಅಂದ್ರ ನನ್ನ ಮೊಮ್ಮಗು ನಡುಗಡ್ಡಿ ಮ್ಯಾಲ ಮಲಗಬೇಕೇನ್ರಿ?" ಎಂದು ನಕ್ಕು ಚಪ್ಪಲಿ ಮೆಟ್ಟಿದರು. ನಕ್ಕರು ಎನ್ನುವುದೇ ನನಗೆ ಹೆಚ್ಚು ಉರಿಯಿತು. ಸಿಟ್ಟಿನಿಂದ ಹೇಳಿದ ಮಾತಾದರೆ ತಿರುಗಿಸಬಹುದು, ನಗುತ್ತ ಹೇಳಿದ್ದನ್ನು ತಿರುಗಿಸುವುದು ಹೇಗೆ? ಮೇಲಾಗಿ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದವರ ಮೇಲೆ ಬರುವ ಸಿಟ್ಟು ಬಲು ಕೆಟ್ಟದ್ದು, ಎಲ್ಲಿಯೂ ಇಳಿಸಲು ಬರುವುದಿಲ್ಲ. ಆ ಸಂಜೆ ನನ್ನ ಗಂಡ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಅದರ ಪಾಲನ್ನು ಪಡೆದರು.

ಮಗಳು ಫೋನ್ ಮಾಡಿದಾಗ ದನಿ ಸಣ್ಣದಾಗಿತ್ತು. "ಅವ್ವಾ, ಇಲ್ಲೆಲ್ಲಾ ಛಲೋ ನೋಡ್ಕೋತಾರ. ಆದ್ರ ನನಗ ಅಲ್ಲೇ ಬರೂದದ. ನೀ ಎಣ್ಣಿ ಹಚ್ಚಿ ಎರಿಬೇಕು ನನಗ." "ಬರ್ತೀ ಬಿಡು, ಬರದ ಎಲ್ಲಿ ಹೋಗ್ತಿ," ಎಂದು ನಾನು ಜೋರಾಗಿ ಹೇಳಿ ಫೋನಿಟ್ಟೆ. ಇಟ್ಟ ಮೇಲೆ ಅಡಿಗೆಮನೆಗೆ ಹೋಗಿ ಸ್ವಲ್ಪ ಅತ್ತೆ. ಮಗಳು ಬರಬೇಕಾದರೆ ಇರುವೆ ಹೋಗಬೇಕು. ಇಷ್ಟೇ ಲೆಕ್ಕ.

ನಾನು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಇರುವೆಗೆ ಆರು ಕಾಲು, ಎರಡು ಮೀಸೆ ಎಂದು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಕೈಗೆ ಸ್ಪ್ರೇ ಡಬ್ಬಿ ಬಂದಾಗ ಕಲಿಸಿದ್ದೆಲ್ಲ ಮರೆತೇ ಹೋಯಿತು. ನಮ್ಮದು ಕಲ್ಲು ಗೋಡೆಯ ಹಳೆಯ ಮನೆ, ನೆಲಕ್ಕೆ ಶಹಾಬಾದಿ ಕಲ್ಲುಹಾಸಿನ ಫರಸಿ. ಫರಸಿಯ ಸಂದುಗಳಲ್ಲಿ ಇರುವೆಗಳಿಗೆ ಬೇಕಾದಷ್ಟು ಓಣಿ. ಅರಿಸಿನ ಸುರಿದೆ, ಇರುವೆ ಕೊಲ್ಲುವ ಸೀಮೆಸುಣ್ಣದಿಂದ ಗೆರೆ ಎಳೆದೆ, ಸೀಮೆಎಣ್ಣೆ ಸಿಗದೆ ಫಿನಾಯಿಲ್ ಹೊಯ್ದೆ, ಕಡೆಗೆ ಬಾಣಂತಿ ಕೋಣೆಯ ಮೂಲೆಯಲ್ಲಿ ಸಾಲಾಗಿ ಹೋಗುತ್ತಿದ್ದವುಗಳ ಮೇಲೆ ಸ್ಪ್ರೇ ಹೊಡೆದೆ. ಒಂದು ಸಾಲು ಕಪ್ಪಗೆ ಮುದುಡಿ ಬಿತ್ತು. ಗೆದ್ದೆ ಅಂದುಕೊಂಡೆ. ಸ್ವಲ್ಪ ದಿನದಲ್ಲಿ ಬಾಗಿಲ ಚೌಕಟ್ಟಿನಿಂದ ಒಂದು ಸಾಲು, ಕಿಟಕಿಯ ಬುಡದಿಂದ ಒಂದು, ದೇವರ ಗೂಡಿನಿಂದ ಇನ್ನೊಂದು ಹೊರಟವು.

ಆಗ ತಲೆಗೆ ಹೊಳೆಯಿತು. ಹೊರಗೆ ಓಡಾಡುವ ಇರುವೆಗಳು ಇಡೀ ಸಂಸಾರದಲ್ಲಿ ಸಂತೆಗೆ ಬಂದವರು ಮಾತ್ರ. ಸಂತೆಗೆ ಬಂದವರನ್ನು ಕೊಂದರೆ ಮನೆಯಲ್ಲಿರುವವರು ಮತ್ತೆ ಯಾರನ್ನೋ ಕಳಿಸುತ್ತಾರೆ. ಸಂಸಾರವೇ ಮುಗಿಯಬೇಕೆಂದರೆ ವಿಷ ಒಳಗೆ ಹೋಗಬೇಕು, ಒಳಗೆ ಒಯ್ಯಬಲ್ಲವರು ಅವರೇ. ಅವರಿಗೆ ಬೇಕಾದ ತಿಂಡಿಯಲ್ಲಿ ಸ್ವಲ್ಪವೇ ವಿಷ ಬೆರೆಸಿ ದಾರಿಯಲ್ಲಿಡಬೇಕು. ಹೆಚ್ಚಾದರೆ ಒಯ್ಯುವ ಇರುವೆ ದಾರಿಯಲ್ಲೇ ಸಾಯುತ್ತದೆ, ತಿಂಡಿ ಮನೆ ಮುಟ್ಟುವುದಿಲ್ಲ. ಕಡಿಮೆಯಿದ್ದರೆ ಅದು ಮನೆಗೆ ಹೋಗಿ ಬಾಯಿಂದ ಬಾಯಿಗೆ ಹಂಚುತ್ತದೆ, ಮರಿಗಳಿಗೆ ಉಣಿಸುತ್ತದೆ, ರಾಣಿಗೆ ಉಣಿಸುತ್ತದೆ. ಅವಸರ ಮಾಡಿದವರಿಗೆ ಈ ಮದ್ದು ಹತ್ತುವುದಿಲ್ಲ. ಅವಸರವೇ ನನ್ನ ಹುಟ್ಟುಗುಣ ಎಂಬುದು ಬೇರೆ ಮಾತು.

ಮಗಳ ತಪಾಸಣೆಗೆಂದು ಸೊಲ್ಲಾಪುರಕ್ಕೆ ಹೋದಾಗ ಅಂಗಡಿಯಿಂದ ಅಂಥದ್ದೇ ಒಂದು ಟ್ಯೂಬ್ ತಂದೆ. ನನ್ನ ಅತ್ತೆಯವರಿಗೆ ವಯಸ್ಸು ಎಂಬತ್ತರ ಮೇಲಾದರೂ ಕಣ್ಣು ಚುರುಕು. ಮನೆಗೆ ಬಂದ ಯಾವ ಡಬ್ಬಿಯ ಮೇಲೆ ಏನು ಬರೆದಿದ್ದರೂ ಓದದೆ ಬಿಡುವುದಿಲ್ಲ. ಅವರು ಕಲಿತದ್ದು ಮರಾಠಿ ಶಾಲೆ. ಪೊಟ್ಟಣವನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು: "ಮುಂಗ್ಯಾಂಸಾಠಿ ಆಮಿಷ." ಇರುವೆಗಳಿಗಾಗಿ ಆಮಿಷ ಎಂದರ್ಥ. ಓದಿದವರೇ ಅದನ್ನು ಕಟ್ಟೆಯ ಮೇಲೆ ಬಿಸಾಕಿ ಕೈ ತೊಳೆದುಕೊಂಡರು.

"ಇದರಾಗ ಮಾಂಸ ಅದ. ಒಳಗ ತರಬ್ಯಾಡ."

"ಅತ್ತೀ, ಆಮಿಷ ಅಂದ್ರ ಮಾಂಸ ಅಲ್ರಿ. ಆಸಿ ತೋರಿಸಿ ಕರಿಯೂದು."

"ಹೋಟೆಲಿನ ಪಾಟಿ ಮ್ಯಾಲ ಸಾಮಿಷ ಅಂತ ಬರದಿರ್ತಾರ, ಅಲ್ಲೇನ ಆಸಿ ತೋರಸ್ತಾರೇನು? ಸಾಲಿ ಕಲಿಸಿದಾಕಿ ನೀ. ಅಷ್ಟ ತಿಳೀದಿಲ್ಲೇನು?"

ಸಾಮಿಷ ಎಂದರೆ ಮಾಂಸಾಹಾರ ಎಂಬುದು ನಿಜವೇ. ಆದರೂ ಚುನಾವಣೆಯ ಸುದ್ದಿಯಲ್ಲಿ ಹಣ ಹೆಂಡದ ಆಮಿಷ ಎಂದು ಬರೆಯುತ್ತಾರಲ್ಲ ಎಂದು ವಾದಿಸಿದೆ. ಹೆಂಡ ಇದ್ದಲ್ಲಿ ಮಾಂಸವೂ ಇರುತ್ತದೆ ಎಂದು ಅವರು ವಾದ ಮುಗಿಸಿದರು. ಅಂತೂ ಪಂಚಭಾಷೆಯ ಪಂಡಿತರು ಬಂದರೂ ಆ ಟ್ಯೂಬ್ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಅದು ಸ್ಕೂಟರಿನ ಡಿಕ್ಕಿಯಲ್ಲಿ ಉಳಿಯಿತು.

ಸರಿ, ಮನೆಯಲ್ಲೇ ಮಾಡೋಣ ಎಂದು ಔಷಧದ ಅಂಗಡಿಯಿಂದ ಬೋರಿಕ್ ಪುಡಿ ತಂದೆ. ಹಿಂದೆ ಕೇರಂ ಹಲಗೆಗೆ ಉದುರಿಸುತ್ತಿದ್ದೆವಲ್ಲ, ಅದೇ. ಬೆಲ್ಲದ ಪಾಕದಲ್ಲಿ ಚಿಟಿಕೆ ಬೆರೆಸಿ ಮುಚ್ಚಳದಲ್ಲಿ ಇಟ್ಟರೆ ಒಂದೂ ಮೂಸಲಿಲ್ಲ. ಕೆಂಪು ಇರುವೆಗಳಿಗೆ ಸಿಹಿಗಿಂತ ಎಣ್ಣೆ ಪದಾರ್ಥ ಬೇಕಾಗುವ ಕಾಲವೂ ಇರುತ್ತದೆ, ಮರಿಗಳು ಹೆಚ್ಚಿದ್ದಾಗ ಮುಖ್ಯವಾಗಿ. ಎಣ್ಣೆ ಪದಾರ್ಥ ಎಂದರೆ ನಮ್ಮ ಸೀಮೆಯಲ್ಲಿ ಇನ್ನೇನು, ಶೇಂಗಾ. ಹುರಿದ ಶೇಂಗಾ ಮಿಕ್ಸರಿಗೆ ಹಾಕಿ, ಎಣ್ಣೆ ಬಿಡುವವರೆಗೆ ತಿರುವಿ, ಪುಡಿ ಬೆರೆಸಿ ಗುಳಿಗೆ ಮಾಡಿ ಇಟ್ಟೆ. ಇರುವೆಗಳು ಬಂದವು. ಸುತ್ತ ನಿಂತವು. ಮೀಸೆ ಆಡಿಸಿದವು. ಒಂದೊಂದಾಗಿ ತಿರುಗಿ ಹೋದವು.

ನಾನು ಮೊಣಕಾಲೂರಿ ನೋಡುತ್ತಿದ್ದೆ. ಅತ್ತೆ ಹಿಂದಿನಿಂದ ಬಗ್ಗಿ ಗುಳಿಗೆಯ ವಾಸನೆ ನೋಡಿ, ಹೊಟ್ಟೆ ಹಿಡಿದು ನಗತೊಡಗಿದರು. "ಏನವಾ, ಇರಿವಿಗೆ ಖಾರ ಹಿಂಡಿ ಮಾಡಿ ಹಾಕೀಯಲ್ಲ! ಭಾಕ್ರಿ ಎಲ್ಲದ?"

ಖಾರ ಹಿಂಡಿ ಎಂದರೆ ನಾವು ಭಾಕ್ರಿಗೆ, ಅಂದರೆ ಜೋಳದ ರೊಟ್ಟಿಗೆ, ಹಚ್ಚಿಕೊಳ್ಳುವ ಶೇಂಗಾ ಚಟ್ನಿ. ನಮ್ಮ ಮನೆಯಲ್ಲಿ ಆ ಮಿಕ್ಸರ್ ಭಾಂಡೆಯಲ್ಲಿ ಶೇಂಗಾದ ಜೊತೆ ಬೆಳ್ಳುಳ್ಳಿ, ಕೆಂಪು ಖಾರ ಬಿಟ್ಟು ಬೇರೇನೂ ತಿರುಗಿದ್ದಿಲ್ಲ. ಎಷ್ಟು ತೊಳೆದರೂ ಆ ಘಾಟು ಹೋಗುವಂಥದ್ದಲ್ಲ. ಅದೂ ಸಾಲದು ಎಂಬಂತೆ, ಕೈ ರೂಢಿಯಲ್ಲಿ ನಾನು ಒಂದು ಚಿಟಿಕೆ ಉಪ್ಪನ್ನೂ ಹಾಕಿದ್ದೆ. ಇಡೀ ದೇಶಕ್ಕೆ ಶೇಂಗಾ ಚಟ್ನಿ ತಿನಿಸುವ ಸೊಲ್ಲಾಪುರ ಜಿಲ್ಲೆಯಲ್ಲಿ ಅದನ್ನು ಬೇಡವೆಂದ ಜೀವಿಗಳನ್ನು ನಾನು ನೋಡಿದ್ದು ಅದೇ ಮೊದಲು.

ಎರಡನೆಯ ಸಲ ಒಳಕಲ್ಲಿನಲ್ಲಿ ಬರೀ ಶೇಂಗಾ ಕುಟ್ಟಿದೆ. ಈ ಸಲ ತಿಂದವು, ಆದರೆ ಬೀಗರ ಮನೆಯಲ್ಲಿ ಸಂಕೋಚದಿಂದ ಉಣ್ಣುವವರ ಹಾಗೆ, ಅಷ್ಟಿಷ್ಟು. ಕಾರಣ ಗೊತ್ತಿತ್ತು. ಅವುಗಳ ಹೊಟ್ಟೆ ತುಂಬಿತ್ತು. ತುಂಬಿಸುತ್ತಿದ್ದವರು ನನ್ನ ಅತ್ತೆ.

ಅತ್ತೆ ದಿನವೂ ಪೂಜೆ ಮುಗಿಸಿ, ಹಿತ್ತಲ ಬಾಗಿಲ ಪಕ್ಕದ ಫರಸಿ ಸಂದಿನ ಹತ್ತಿರ ಒಂದು ಚಿಟಿಕೆ ಜೋಳದ ಹಿಟ್ಟು, ಸಕ್ಕರೆ ಬೆರೆಸಿ ಹಾಕುತ್ತಾರೆ. ಇರುವೆಗೆ ಉಣಿಸಿದರೆ ಪುಣ್ಯ. ನಾನು ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಊರಿಗೆ ಹೋಗುವುದಾದರೆ ಅವರು ನನಗೆ ಒಪ್ಪಿಸುವ ಕೆಲಸಗಳಲ್ಲಿ ಅದೇ ಮೊದಲನೆಯದು. ನಾನು ಇತ್ತ ಯುದ್ಧ ಹೂಡಿದರೆ ಅತ್ತ ನಮ್ಮ ಪಾಳೆಯದವರೇ ಶತ್ರುವಿಗೆ ರೇಶನ್ ಹಂಚುತ್ತಿದ್ದರು. ನಿಲ್ಲಿಸಿ ಎಂದು ಹೇಳಬೇಕು, ಹೇಳುವುದು ಹೇಗೆ?

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ತಾವಾಗಿಯೇ ಕೇಳಿದರು, "ಒಂದ ಕಾಳಿನಷ್ಟ ಪುಡಿ ಹಾಕ್ತಿ. ಅಷ್ಟ ದೊಡ್ಡ ಹಿಂಡು ಅದರಿಂದ ಹ್ಯಾಂಗ ಸಾಯ್ತದ?"

ಪ್ರಶ್ನೆ ಕೇಳಿದರೆ ನನಗೆ ಮೈಮೇಲೆ ಶಾಲೆ ಬರುತ್ತದೆ. ಫರಸಿಯ ಮೇಲೆ ಬೆರಳಿನಿಂದ ಚಿತ್ರ ಬರೆದು ತೋರಿಸಿದೆ. "ಒಳಗ ಒಬ್ಬಾಕಿ ರಾಣಿ ಇರ್ತಾಳ್ರಿ. ಆಕಿ ಹೊರಗ ಬರಂಗಿಲ್ಲ. ಕತ್ತಲ ಕ್ವಾಣ್ಯಾಗ ಇರ್ತಾಳ, ತತ್ತಿ ಇಡೂದೊಂದ ಕೆಲಸ. ಆಕಿಗೆ, ಮರಿಗಳಿಗೆ ಉಳದವರು ತಂದು ಉಣಸ್ತಾರ. ಬಾಣಂತಿ ಇದ್ದಂಗ ಅನ್ರಿ. ಛಲೋ ಪದಾರ್ಥ ಸಿಕ್ರ ತಾವು ತಿನ್ನೂಕಿಂತ ಮೊದಲ ಆಕಿಗೆ ಒಯ್ತಾರ. ಹಂಗಾಗಿ ಇದು ಆಕಿಗೆ ಮುಟ್ಟತದ."

ಉದಾಹರಣೆ ಚೆನ್ನಾಗಿ ಬಂತೆಂದು ನನಗೆ ಖುಷಿಯಾಗಿತ್ತು. ಅತ್ತೆ ನನ್ನ ಮುಖ ನೋಡದೆ ಹೇಳಿದರು, "ಬಾಣಂತಿ ಊಟದಾಗ ವಿಷ ಹಾಕೂದು ಅನ್ನು. ಬಾಣಂತಿ ಬರೂ ಮನ್ಯಾಗ."

ಪಕ್ಕದ ಕೋಣೆಯಲ್ಲಿ ಮಗಳಿಗಾಗಿ ಒಣಗಿಸಿಟ್ಟ ಉತ್ತತ್ತಿ, ತಿನ್ನುವ ಅಂಟು, ಕೊಬ್ಬರಿ ಡಬ್ಬಿಗಳಲ್ಲಿ ತುಂಬಿ ಕೂತಿದ್ದವು. ಅವುಗಳಿಂದ ಬಾಣಂತಿಯ ಉಂಡೆ ಕಟ್ಟಿ ನಾನು ಮಗಳಿಗೆ ಉಣಿಸಬೇಕು. ಅದೇ ಕೈಯಿಂದ ಇನ್ನೊಂದು ಉಂಡೆ ಕಟ್ಟಿ ಇನ್ನೊಬ್ಬಳಿಗೆ. ವಿಜ್ಞಾನ ಓದಿದವಳಿಗೆ ಇಂಥದ್ದೆಲ್ಲ ಬಾಧಿಸಬಾರದು. ಬಾಧಿಸಿತು. ಅಷ್ಟು ಚೆಂದದ ಉದಾಹರಣೆ ಕೊಟ್ಟ ನನ್ನ ನಾಲಿಗೆಯ ಮೇಲೇ ಸಿಟ್ಟು ಬಂತು. ಗುಳಿಗೆಗಳನ್ನು ತೆಗೆದು ಡಬ್ಬಿಗೆ ಹಾಕಿ ಕಪಾಟಿನ ಮೇಲಿಟ್ಟೆ. ಮಗಳನ್ನು ಫ್ಲ್ಯಾಟಿನಲ್ಲೇ ಹೋಗಿ ನೋಡಿ ಬಂದರಾಯಿತು ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಅತ್ತೆ ಪೂಜೆ ಮುಗಿಸಿ ಬಂದರು. ಕೈಯಲ್ಲಿ ಹಿಟ್ಟಿನ ಬಟ್ಟಲಿರಲಿಲ್ಲ. "ಆ ಡಬ್ಬಿ ಕೊಡು," ಎಂದರು.

"ಬ್ಯಾಡ್ರಿ ಅತ್ತೀ. ನನಗೂ ಮನಸಿಲ್ಲ."

"ಮನಸ ನನಗೂ ಇಲ್ಲ. ಆದ್ರ ನಮ್ಮ ಹುಡುಗಿ ಬರಬೇಕಲ್ಲ." ಕೈ ಚಾಚಿಯೇ ನಿಂತಿದ್ದರು. "ನೀ ಕೂಸಿಗೆ ನೀರ ಹಾಕಾಕಿ, ಬಾಣಂತಿಗೆ ಉಣಸಾಕಿ. ನಿನ್ನ ಕೈಗೆ ಇದು ಬ್ಯಾಡ. ನಾ ಇಡ್ತೀನಿ. ಹತ್ತೂ ಪಾಪ ನನಗ ಹತ್ತಲಿ, ನನಗೇನು ಇನ್ನ ಭಾಳ ದಿನ ಹೊರೂದಿಲ್ಲ."

ಬೇರೆ ದಿನವಾಗಿದ್ದರೆ ಪಾಪಪುಣ್ಯದ ಮೇಲೆ ನಾನು ಭಾಷಣ ಬಿಗಿಯುತ್ತಿದ್ದೆ. ಅಂದು ಸುಮ್ಮನೆ ಡಬ್ಬಿ ಕೊಟ್ಟೆ. ಅವರು ಹೋಗಿ ದಿನವೂ ಹಿಟ್ಟು ಹಾಕುವ ಸಂದಿನ ಹತ್ತಿರವೇ ಕುಕ್ಕುರುಗಾಲಲ್ಲಿ ಕೂತು ಗುಳಿಗೆಗಳನ್ನಿಟ್ಟರು. ತುಟಿ ಅಲ್ಲಾಡುತ್ತಿತ್ತು. ದೇವರಿಗೆ ಹೇಳಿದರೋ ಇರುವೆಗೆ ಹೇಳಿದರೋ ನಾನು ಕೇಳಲಿಲ್ಲ.

ಆ ಜಾಗದಲ್ಲಿ ಅಷ್ಟು ವರ್ಷ ಊಟ ಸಿಕ್ಕಿತ್ತು. ಇರುವೆಗಳು ಈ ಸಲ ಮೀಸೆ ಆಡಿಸುತ್ತ ಕೂರಲಿಲ್ಲ, ಅನುಮಾನ ಮಾಡಲಿಲ್ಲ. ಮನೆಯ ನಾಲ್ಕೂ ಕಡೆಯಿಂದ ಬಂದವು. ನನ್ನ ಸ್ಪ್ರೇಗೆ ಹೆದರಿ ಚೆದುರಿದ್ದವೂ ಬಂದವೇನೋ. ಮುಂದಿನ ದಿನಗಳಲ್ಲಿ ಹಿತ್ತಲ ಬಾಗಿಲಿನಿಂದ ಬಾಣಂತಿ ಕೋಣೆಯವರೆಗೆ ಕೆಂಪು ಸೆರಗಿನ ಅಂಚು ಹಾಸಿದಂತೆ ಸಾಲು. ಮದ್ದಿನ ಕಠಿಣ ಭಾಗ ಇದೇ: ಒರೆಸುವಂತಿಲ್ಲ, ಗುಡಿಸುವಂತಿಲ್ಲ, ಫಿನಾಯಿಲ್ ಮುಟ್ಟುವಂತಿಲ್ಲ. ದಾರಿಯ ವಾಸನೆ ಅಳಿಸಿದರೆ ಬರುವವರು ದಾರಿ ತಪ್ಪುತ್ತಾರೆ. ಮೂಗಿನ ತುದಿಯಲ್ಲೇ ಸಿಟ್ಟು, ಕೈಯಲ್ಲೇ ನೆಲ ಒರೆಸುವ ಅರಿವೆ ಇರುವ ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕೈ ಬೆನ್ನಿಗೆ ಕಟ್ಟಿಕೊಂಡು ಮನೆಯಲ್ಲಿ ತಿರುಗಾಡಿದೆ.

ಆ ಸಮಯಕ್ಕೆ ಸರಿಯಾಗಿ ಬೀಗಿತ್ತಿ ಬಂದರು. ಅಕ್ಕಲಕೋಟೆಗೆ ದರ್ಶನಕ್ಕೆ ಬಂದವರು ಹಾಗೇ ಒಂದು ಹೆಜ್ಜೆ ಎಂದು ಹೇಳದೆ ಕೇಳದೆ ಬಾಗಿಲಲ್ಲಿ ನಿಂತರು. ಸಾಲನ್ನು ನೋಡಿದರು. ನನ್ನನ್ನು ನೋಡಿದರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದರು.

"ಅಯ್ಯ, ಮೊದಲಿಗಿಂತ ಜಾಸ್ತಿ ಆಗ್ಯಾವಲ್ರಿ!"

"ಜಾಸ್ತಿ ಆಗೂದ ಛಲೋ ರೀ," ಎಂದೆ ನಾನು. ಹೇಳಿದ ಮೇಲೆ ನನ್ನ ಕಿವಿಗೇ ಅದು ಹುಚ್ಚರ ಮಾತಿನಂತೆ ಕೇಳಿಸಿತು. ಒಳಗೆ ಒಯ್ಯಬೇಕು, ಹಂಚಬೇಕು, ಅದಕ್ಕೇ ಬಿಟ್ಟಿದ್ದೇನೆ ಎಂದು ಒಂದೇ ಉಸಿರಿನಲ್ಲಿ ವಿವರಿಸಿದೆ. ಬಾಣಂತಿಯ ಉದಾಹರಣೆಯನ್ನು ಮಾತ್ರ ನುಂಗಿಕೊಂಡೆ. ಅವರು ಕಾಲು ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತು ಎಲ್ಲ ಕೇಳಿ, ಒಂದೇ ಮಾತು ಹೇಳಿದರು: "ಹೆರಿಗಿ ಆಗಿ ದವಾಖಾನಿಯಿಂದ ಬಿಡೂ ದಿನ ನಾ ಮತ್ತ ಬಂದು ನೋಡ್ತೀನಿ. ಒಂದ ಕಂಡ್ರೂ ಗಾಡಿ ನಮ್ಮ ಮನಿಗೆ ತಿರಗತದ, ಚಾಲ್ತದ?"

ಚಾಲ್ತದ, ಆಗಬಹುದು ಎಂದೆ. ಇನ್ನೇನು ಅನ್ನಲಿ?

ಆಮೇಲೆ ಸಾಲು ತೆಳ್ಳಗಾಯಿತು. ಒಂದು ಬೆಳಿಗ್ಗೆ ಕೆಲವು ಇರುವೆಗಳು ದಾರಿ ಮರೆತವರಂತೆ ಫರಸಿಯ ಮೇಲೆ ಅಡ್ಡಾಡುತ್ತಿದ್ದವು. ಇನ್ನೊಂದು ಬೆಳಿಗ್ಗೆ ಅವೂ ಇರಲಿಲ್ಲ. ನಾನು ಸಕ್ಕರೆ ಚೆಲ್ಲಿ ಪರೀಕ್ಷೆ ಮಾಡಿದೆ, ಶೇಂಗಾ ಇಟ್ಟು ಪರೀಕ್ಷೆ ಮಾಡಿದೆ. ಯಾರೂ ಬರಲಿಲ್ಲ. ಕುಣಿಯುವಷ್ಟು ಖುಷಿಯಾಯಿತು. ಉಳಿದ ಗುಳಿಗೆಗಳನ್ನೆಲ್ಲ ಹುಡುಕಿ ತೆಗೆದು ದೂರ ಹುಗಿದು ಬಂದೆ, ಸಂದುಗಳಿಗೆ ಸಿಮೆಂಟ್ ತುಂಬಿಸಿದೆ, ಕೋಣೆಯನ್ನು ಬಿಸಿನೀರಿನಿಂದ ಮನಸ್ಸು ತಣಿಯುವ ತನಕ ಒರೆಸಿದೆ. ಅತ್ತೆ ಈ ಸಂಭ್ರಮದಲ್ಲಿ ಸೇರಲಿಲ್ಲ. ಬೇಸರದಲ್ಲೂ ಇರಲಿಲ್ಲ. ಕುಲಾವಿ ಹೊಲಿಯುತ್ತ ಕೂತಿರುತ್ತಿದ್ದರು.

ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ದವಾಖಾನೆಯಿಂದ ಬಿಟ್ಟ ದಿನ ಬೀಗಿತ್ತಿ ನುಡಿದಂತೆ ಮೊದಲೇ ಬಂದರು. ಕೋಣೆಗೆ ಹೋಗಿ ಹೊರಸಿನ ಕೆಳಗೆ ಮೊಬೈಲಿನ ಬೆಳಕು ಹಾಕಿ ನೋಡಿದರು, ಹಾಸಿಗೆ ಕೊಡವಿ ನೋಡಿದರು, ಡಬ್ಬಿ ತೆಗೆದು ಅಂಟಿನ ಉಂಡೆಯನ್ನೂ ನೋಡಿದರು. ನೋಡಿದ ಉಂಡೆಯನ್ನು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಮಗನಿಗೆ ಫೋನ್ ಮಾಡಿ "ಇಕಡೇಚ್ ಆಣ್" ಎಂದರು. ಇಲ್ಲಿಗೇ ಕರೆದುಕೊಂಡು ಬಾ ಎಂಬ ಆ ಮರಾಠಿ ಮಾತು ನನಗೆ ಅಂದು ಮಂತ್ರದ ಹಾಗೆ ಕೇಳಿಸಿತು.

ಗಾಡಿ ಬಂತು. ಬಾಗಿಲಲ್ಲಿ ಭಾಕ್ರಿಯ ತುಣುಕು ನಿವಾಳಿಸಿ ಒಗೆಯಬೇಕು. ಮನೆಯ ಹಿರಿಯರು ಮಾಡುವ ಕೆಲಸ. ಅತ್ತೆ ತಾಟನ್ನು ನನ್ನ ಕೈಗೆ ಕೊಟ್ಟು ಅಡಿಗೆಮನೆಯ ಬಾಗಿಲ ಹಿಂದೆ ಸರಿದರು. ಗಡಿಬಿಡಿಯಲ್ಲಿ ನನಗೆ ಅರ್ಥವಾಗಲಿಲ್ಲ. ನಾನೇ ನಿವಾಳಿಸಿದೆ, ಮಗಳನ್ನು ಒಳಗೆ ತಂದು ಕೂಡಿಸಿದೆ, ಎಲ್ಲರೂ ಕೂಸನ್ನು ಎತ್ತಿ ನೋಡಿದರು. ಮೂಗು ನಮ್ಮದು, ಹಣೆ ನಿಮ್ಮದು ಎಂದು ಹಂಚಿಕೊಂಡಾಯಿತು. ಅತ್ತೆ ಮಾತ್ರ ಬಾಗಿಲ ಚೌಕಟ್ಟು ಹಿಡಿದು, ಅಲ್ಲಿಂದಲೇ ಕತ್ತು ಚಾಚಿ ನೋಡುತ್ತಿದ್ದರು.

"ಆಯೀ, ಬಾ. ನಿನ್ನ ಮರಿಮೊಮ್ಮಗಳು," ಎಂದು ಮಗಳು ಅಜ್ಜಿಯನ್ನು ಕರೆದಳು.

"ಕಂಡೀನಿ ಬಿಡವಾ, ಇಲ್ಲಿಂದ ಛಲೋ ಕಾಣ್ತಾಳ."

ಆಗ ನನಗೆ ತಿಳಿಯಿತು. ತಿಳಿದ ಕೂಡಲೇ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಕಣ್ಣು ತುಂಬಿತು. "ಇದೇನ ಹುಚ್ಚತನ ರೀ ಅತ್ತೀ?" ಎಂದು ಗದರಿದೆ. ಅವರು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಲ್ಲಗೆ ಹೇಳಿದರು, "ಬಾಣಂತಿಗೆ ವಿಷ ಇಟ್ಟ ಕೈ ಅದಾವ ಇವು. ಹಸಿ ಕೂಸಿಗೆ ಹ್ಯಾಂಗ ಮುಟ್ಟಿಸಲಿ?"

ಬೀಗಿತ್ತಿಗೆ ಏನೂ ತಿಳಿಯದೆ ಅವರ ಬಾಯಿ ಇನ್ನೊಂದು ಉಂಡೆಯ ಮೇಲೆಯೇ ನಿಂತಿತು. ನಾನು ಮಗಳಿಗೆ ಎಲ್ಲ ಹೇಳಿದೆ: ರಾಣಿ, ಕತ್ತಲ ಕೋಣೆ, ನನ್ನ ಹಾಳು ಉದಾಹರಣೆ, ಆ ಬೆಳಿಗ್ಗೆ ಅವರು ಡಬ್ಬಿ ಕೇಳಿದ್ದು. ಮಗಳು ಕೇಳಿಸಿಕೊಂಡು, ಕೂಸನ್ನೆತ್ತಿಕೊಂಡು ಎದ್ದಳು. ಏಳಬ್ಯಾಡ ಎಂದರೂ ಎದ್ದಳು. ನಡು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಅಡಿಗೆಮನೆಯ ಬಾಗಿಲಿಗೆ ಹೋಗಿ ಅಜ್ಜಿಯ ಮುಂದೆ ನಿಂತಳು.

"ಆಯೀ, ಈ ಮನ್ಯಾಗ ಈಗ ಬಾಣಂತಿ ನಾ ಅದೀನಿ. ನಾ ಹೇಳಾಕತ್ತೀನಿ, ಹಿಡಿ."

ಅತ್ತೆ ಸೆರಗಿನೊಳಗಿಂದ ಕೈ ತೆಗೆದರು. ಹಾಗೇ ಗೋಡೆಗೆ ಆತು ನೆಲಕ್ಕೆ ಕೂತು, ತೊಡೆ ಅಗಲಿಸಿ ಕೂಸನ್ನು ಇಳಿಸಿಕೊಂಡರು. ಕೂಸು ಒಮ್ಮೆ ಮುಖ ಕಿವಿಚಿ, ಮೈ ಸಡಿಲಿಸಿ, ಬೆಚ್ಚಗೆ ಅವರ ಎರಡೂ ಅಂಗೈ ತುಂಬ ಉಚ್ಚೆ ಹೊಯ್ದಿತು.

"ಅಯ್ಯ, ಸೀರಿ ತೊಯ್ತಲ್ರಿ! ಕೊಡ್ರಿ ಇಲ್ಲಿ, ಕೊಡ್ರಿ," ಎಂದು ಬೀಗಿತ್ತಿ ಅರಿವೆ ಹಿಡಿದು ಓಡಿ ಬಂದರು. ನಾವೆಲ್ಲ ನಗುತ್ತಿದ್ದೆವು, ಅತ್ತೆಯ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಅವರೂ ನಗುತ್ತಿದ್ದರು. ಕೂಸನ್ನು ಮಾತ್ರ ಕೊಡಲಿಲ್ಲ.

"ಇರ್ಲಿ ಬಿಡ್ರಿ," ಎಂದರು. "ಇನ್ನಾ ಹೊಯ್ಲಿ."